ಸೂನ್ ಅಂದ್ರೆ ಯಾವತ್ತು

ಗಂಡನ ಹೆಸರು ಹಿಡಿದು ಹೇಳಬಾರದು ಅಂತ ನಮ್ಮ ಅತ್ತೆ ಹೇಳುತ್ತಾರೆ. ನಾನು ಹೇಳುತ್ತೇನೆ. ಯೋಗೇಶ. ಎಂಟು ವರ್ಷದ ಮದುವೆಯಲ್ಲಿ ನಾವಿಬ್ಬರೂ ಜೊತೆಗಿದ್ದ ದಿನಗಳನ್ನೆಲ್ಲ ಒಟ್ಟು ಸೇರಿಸಿದರೂ ಎರಡೂವರೆ ವರ್ಷ ತುಂಬಲಿಕ್ಕಿಲ್ಲ. ಹೆಸರಾದರೂ ಬಾಯಲ್ಲಿ ಇರಲಿ.

ಯೋಗೇಶ ದೋಹಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಒಳ್ಳೆಯವರು. ಕುಡಿಯುವುದಿಲ್ಲ, ಬಿಡುವಾದಾಗಲೆಲ್ಲ ಫೋನ್ ಮಾಡುತ್ತಾರೆ, ಸುಳ್ಳಂತೂ ಹೇಳುವುದೇ ಇಲ್ಲ. ಸುಳ್ಳು ಹೇಳುವವರಾಗಿದ್ದರೆ ಒಂದು ದೊಡ್ಡ ಜಗಳ ಆಡಿ ಮುಗಿಸಬಹುದಿತ್ತು. ಅವರು ಸುಳ್ಳು ಹೇಳುವುದಿಲ್ಲ, ‘ಸೂನ್’ ಅನ್ನುತ್ತಾರೆ. ಯಾವಾಗ ಬರ್ತೀರಿ ಅಂದರೆ ಸೂನ್. ಪೂರ್ತಿ ಬಿಟ್ಟು ಬರೋದು ಯಾವಾಗ ಅಂದರೆ ನೆಕ್ಸ್ಟ್ ಇಯರ್ ಎಂಡ್. ಅತ್ತೆಯ ಮಂಡಿನೋವಿನ ಸುದ್ದಿ ತೆಗೆದರೆ ‘ಲೇಟರ್ ಮಾತಾಡನ, ಈಗ ಶಿಫ್ಟ್ ಟೈಮ್’.

ಮೊದಲು ಹೀಗೆ ಮಾತಾಡುತ್ತಿರಲಿಲ್ಲ. ನನ್ನನ್ನು ನೋಡಲು ಶಿಕಾರಿಪುರಕ್ಕೆ ಬಂದವರು, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು, ‘ಆರಿದ್ರ ಮಳೆ ಹಿಡಿಯೋದ್ರೊಳಗೆ ಮದುವೆ ಮುಗಿಸಿಬಿಡನ ಮಾವ, ಆಮೇಲೆ ನಾಟಿ ಶುರುವಾಗ್ತದೆ’ ಅಂದಿದ್ದರು. ನಮ್ಮಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟವರು. ಅವರಿಗೆ ಕಾಲ ಅಂದರೆ ಸ್ಕೂಲ್ ಯೂನಿಫಾರ್ಮಿನ ಸೀಸನ್ನು, ಮದುವೆ ಸೀಸನ್ನು ಎರಡೇ. ‘ಹುಡುಗ ಮಳೆ ಲೆಕ್ಕದಾಗ ಮಾತಾಡ್ತಾನ, ಮನಿ ಕಡೆ ಗ್ಯಾನ ಐತಿ’ ಅಂತ ಒಳಗೆ ಬಂದು ಅಮ್ಮನಿಗೆ ಹೇಳಿದರು. ಆ ಒಂದು ಮಾತಿಗೇ ನಾನೂ ಒಪ್ಪಿಕೊಂಡೆ. ಸೊರಬದ ಹತ್ತಿರದ ಜಡೆ ಅನ್ನುವ ಊರಿಗೆ ಸೊಸೆಯಾಗಿ ಬಂದೆ. ಬಂದ ಎರಡನೇ ವರ್ಷಕ್ಕೆ ಆ ಹುಡುಗ ದೋಹಾಕ್ಕೆ ಹೋದ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಬೇರೆ ಯಾರೋ ಬರಲು ಶುರುವಾದರು.

ರಜೆಗೆ ಬಂದಾಗ ಅವರ ಸೂಟ್‌ಕೇಸು ಮಂಚದ ಕಾಲದೆಸೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಕಡುನೀಲಿ ಬಣ್ಣದ್ದು, ನಮ್ಮ ಅಕ್ಕಿ ಡಬ್ಬಿಗಿಂತ ದೊಡ್ಡದು. ಖರ್ಜೂರ, ಸೋಪು, ಅತ್ತೆಗೆ ಕಂಬಳಿ, ನನಗೆ ಸೆಂಟು ಎಲ್ಲ ಹೊರಗೆ ಬರುತ್ತವೆ. ಕಂಪನಿಯ ಯೂನಿಫಾರ್ಮು, ದಪ್ಪ ಸೇಫ್ಟಿ ಶೂ, ಪಾಸ್‌ಪೋರ್ಟು ಮಾತ್ರ ತಳದಲ್ಲೇ ಇರುತ್ತವೆ. ತೆಗೆದು ಕಪಾಟಿನಲ್ಲಿ ಇಡುತ್ತೇನೆ ಅಂದರೆ, ‘ಎಂತಕ್ಕೆ, ಮತ್ತೆ ತುಂಬೋದೇ ಅಲ್ದ?’ ಅನ್ನುತ್ತಾರೆ. ನಾನು ಅದರ ತಳವನ್ನು ಇವತ್ತಿನವರೆಗೆ ನೋಡಿಲ್ಲ ಅಂತ ಅತ್ತೆಗೆ ಎಷ್ಟೋ ಸಲ ಹೇಳಿ ನಕ್ಕಿದ್ದೇನೆ. ಅತ್ತೆ ನಗುತ್ತಿರಲಿಲ್ಲ.

ನಮಗೆ ಮಕ್ಕಳಿಲ್ಲ. ಹೋದ ಸಲದ ರಜೆಯಲ್ಲಿ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಒಬ್ಬ ಲೇಡಿ ಡಾಕ್ಟರನ್ನು ಕಂಡಿದ್ದೆವು. ಅವರು ರಿಪೋರ್ಟು ನೋಡಿ, ದೊಡ್ಡ ದೋಷ ಏನೂ ಇಲ್ಲ, ಆದರೆ ಇದು ಒಂದು ತಿಂಗಳ ರಜೆಯಲ್ಲಿ ಆಗುವ ಕೆಲಸ ಅಲ್ಲ ಅಂದರು. ಆರೇಳು ತಿಂಗಳಾದರೂ ಇಬ್ಬರೂ ಇಲ್ಲೇ ಇರಬೇಕು, ನಾನು ಕರೆದ ದಿನ ಬರಬೇಕು ಅಂದರು. ನನ್ನ ವಯಸ್ಸು ಕೇಳಿದರು. ಮೂವತ್ತಾರು ಅಂದೆ. ಪೆನ್ನು ಕೆಳಗಿಟ್ಟು ಯೋಗೇಶನ ಮುಖ ನೋಡಿ, ‘ತಡ ಮಾಡಬೇಡಿ’ ಅಂದರು. ಯೋಗೇಶ, ‘ಇಲ್ಲ ಮೇಡಂ, ಸೂನ್ ಬರ್ತೀನಿ’ ಅಂದರು. ಆವತ್ತಿನಿಂದ ನನಗೆ ಆ ಶಬ್ದ ಕಂಡರೆ ಮೈ ಉರಿಯುತ್ತದೆ.

ಕೊನೆಗೆ ಒಂದು ದಿನ ತೀರ್ಮಾನ ಮಾಡಿದೆ. ಈ ಸೂನು, ಲೇಟರು, ಇಯರ್ ಎಂಡುಗಳ ಒಳಗೆ ಏನಿದೆ ಅಂತ ನಾನೇ ಬಿಚ್ಚಿ ನೋಡಬೇಕು. ಸೊರಬದ ಬಸ್‌ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಮಾಳಿಗೆಯಲ್ಲಿ ಶ್ರೀಲತಾ ಮೇಡಂ ಸ್ಪೋಕನ್ ಇಂಗ್ಲಿಷ್ ಕ್ಲಾಸು ನಡೆಸುತ್ತಾರೆ. ಮೇಡಂ ಕೂಡ ನಮ್ಮ ಶಿಕಾರಿಪುರದವರೇ. ಸೇರಿದ ದಿನ, ‘ಇಂಗ್ಲಿಷ್ ಎದಕ್ಕ ಬೇಕಾಗಿತ್ರಿ?’ ಅಂತ ಕೇಳಿದರು.

‘ಗಂಡನ ಕೂಡ ಜಗಳ ಮಾಡಾಕ್ರಿ.’

‘ಅದಕ್ಕ ಕನ್ನಡ ಸಾಕಲ್ರಿ?’

‘ಜಗಳಕ್ಕ ಸಾಕ್ರಿ. ತಪ್ಪಿಸ್ಕೊಳ್ಳೋದು ಅವರು ಇಂಗ್ಲಿಷ್‌ನಾಗ.’

ಮೇಡಂ ನಕ್ಕು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಡಿಗ್ರಿ ಓದುವ ಹುಡುಗಿಯರ ನಡುವೆ ನಾನೊಬ್ಬಳೇ ಸೀರೆಯವಳು. ಮೊದಲ ವಾರ ಹೆಸರು ಊರು ಹೇಳುವುದು, ಎರಡನೇ ವಾರ ಅಂಗಡಿಯಲ್ಲಿ ಕೇಳುವುದು. ಮೂರನೇ ವಾರ ಮೇಡಂ ಬೋರ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದು, ನಡುವೆ ಒಂದು ಚುಕ್ಕಿ ಇಟ್ಟು, ಇದು ‘ನೌ’ ಅಂದರು. ಎಡಕ್ಕೆ ಆಗಿಹೋದದ್ದು, ಬಲಕ್ಕೆ ಆಗಬೇಕಾದದ್ದು. ಎಸ್ಟರ್ಡೇ, ಟುಮಾರೋ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ನಾನು ಕೈ ಎತ್ತಿದೆ.

‘ಸೂನ್ ಎಲ್ಲಿ ಬರ್ತತ್ರಿ ಮೇಡಂ?’

ಮೇಡಂ ನೌ ಪಕ್ಕದಲ್ಲಿ, ಒಂದು ಗೇಣು ಬಲಕ್ಕೆ, ಸೀಮೆಸುಣ್ಣ ಇಟ್ಟರು.

‘ಅಂದ್ರ ಎಷ್ಟು ದಿನ?’

‘ಅದಕ್ಕ ದಿನ ಅಂತ ಇರಂಗಿಲ್ರಿ. ಹೇಳೋರ ಮ್ಯಾಲ ಹೋಗತೈತಿ. ಬಸ್ಸಿನವ ಹೇಳಿದ್ರ ಐದು ನಿಮಿಷ, ಮನಿ ಕಟ್ಟೋ ಮೇಸ್ತ್ರಿ ಹೇಳಿದ್ರ ಆರು ತಿಂಗಳು.’

‘ಗಂಡ ಹೇಳಿದ್ರ?’

ಹುಡುಗಿಯರೆಲ್ಲ ಹೋ ಅಂದರು. ಮೇಡಂ ಮಾತ್ರ ನಗಲಿಲ್ಲ. ಸೀಮೆಸುಣ್ಣವನ್ನು ಬೋರ್ಡಿನಿಂದ ತೆಗೆದುಬಿಟ್ಟರು. ಆಮೇಲೆ ‘ಇನ್ ಡ್ಯೂ ಕೋರ್ಸ್’ ಅನ್ನುವ ಇನ್ನೊಂದನ್ನು ಹೇಳಿಕೊಡುತ್ತ, ಅದರ ಜಾಗ ತೋರಿಸಲು ಬೋರ್ಡು ಮುಗಿದು ಗೋಡೆ ದಾಟಿ ಸ್ವಿಚ್ಚಿನ ತನಕ ಹೋದರು. ನನಗೆ ತುಂಬ ಹಿಡಿಸಿದ್ದು ‘ಫೋರ್ಟ್‌ನೈಟ್’. ಹದಿನಾಲ್ಕು ರಾತ್ರಿ. ನಮ್ಮ ಒಂದು ಮಳೆ ನಕ್ಷತ್ರದಷ್ಟು, ಹೆಚ್ಚುಕಮ್ಮಿ ಅಮಾವಾಸ್ಯೆಯಿಂದ ಹುಣ್ಣಿಮೆಯಷ್ಟು. ಇಂಗ್ಲಿಷಿನವರೂ ಒಂದು ಕಾಲಕ್ಕೆ ರಾತ್ರಿ ಹೊರಗೆ ಬಂದು ಆಕಾಶ ನೋಡುತ್ತಿದ್ದರೇನೋ ಅನ್ನಿಸಿ, ಅವರ ಮೇಲಿನ ಸಿಟ್ಟು ಸ್ವಲ್ಪ ಕಡಿಮೆಯಾಯಿತು. ‘ಡಿಕೇಡ್’ ಮಾತ್ರ ಹೆದರಿಸಿತು. ಹತ್ತು ವರ್ಷಕ್ಕೆ ಅಷ್ಟು ಚಿಕ್ಕ ಶಬ್ದ ಇಡಬಾರದಿತ್ತು.

ಆ ವಾರ ಫೋನಿನಲ್ಲಿ ಯೋಗೇಶ ಮತ್ತೆ ಸೂನ್ ಅಂದಾಗ ನಾನು ಬಿಡಲಿಲ್ಲ.

‘ಅದು ಬ್ಯಾಡ್ರಿ. ಬೈ ವೆನ್ ಅಂತ ಹೇಳ್ರಿ.’

ಆ ಕಡೆ ಫೋರ್ಕ್‌ಲಿಫ್ಟಿನ ಟೀಂ ಟೀಂ ಸದ್ದು ಕೇಳಿಸುತ್ತಿತ್ತು. ‘ಇದೆಲ್ಲ ಎಲ್ಲಿ ಕಲ್ತೆ ಮಾರಾಯ್ತಿ?’ ಅಂತ ನಕ್ಕರು. ನಕ್ಕು, ಶಿಫ್ಟ್ ಟೈಮ್ ಅಂತ ಫೋನಿಟ್ಟರು. ಶ್ರಾವಣದ ಕೊನೆಯಲ್ಲಿ ಒಂದು ಸಂಜೆ ತಾವೇ ಫೋನ್ ಮಾಡಿ, ಉಸಿರು ಕಟ್ಟಿಕೊಂಡು ಹೇಳಿದರು: ‘ಶಶಿ, ಲೀವ್ ಸ್ಯಾಂಕ್ಷನ್ ಆಯ್ತು. ಭೂಮಿ ಹುಣ್ಣಿಮೆ ಹಿಂದಿನ ದಿನ ಜಡೇಲಿ ಬಸ್ಸು ಇಳೀತೀನಿ. ಈ ಸಲ ಬುಟ್ಟಿ ಹೊರೋನು ನಾನೇ. ಗೋಪಾಲ ಚಿಕ್ಕಪ್ಪಂಗೆ ಹೇಳಿಬಿಡು.’

ಹುಣ್ಣಿಮೆ ಅಂದರು. ಎಷ್ಟೋ ವರ್ಷದ ಮೇಲೆ ಅವರ ಬಾಯಿಂದ ಬಂದ ಮೊದಲ ಕನ್ನಡದ ದಿನ ಅದು. ಬೇರೆ ಹೆಂಡತಿಯಾಗಿದ್ದರೆ ಟಿಕೆಟ್ಟು ಯಾವತ್ತಿನದು ಅಂತ ಕೇಳುತ್ತಿದ್ದಳು. ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಯಾರೂ ತಾರೀಖು ಹೇಳುವುದಿಲ್ಲ. ಅದು ಹೆತ್ತ ತಾಯಿಯನ್ನು ಇನಿಷಿಯಲ್ ಸೇರಿಸಿ ಕರೆದ ಹಾಗೆ. ಹುಣ್ಣಿಮೆ ಅಂದರೆ ಹುಣ್ಣಿಮೆ, ಎಲ್ಲರಿಗೂ ಗೊತ್ತಿರುವುದು. ಅವರು ತಾರೀಖು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಶಿಕಾರಿಪುರದಲ್ಲಿ ಸೀಗಿ ಹುಣ್ಣಿಮೆ ಅನ್ನುತ್ತೇವೆ, ಇಲ್ಲಿ ಭೂಮಿ ಹುಣ್ಣಿಮೆ. ಹೊಡೆ ತುಂಬಿದ, ಅಂದರೆ ತೆನೆ ಇನ್ನೂ ದಂಟಿನ ಒಳಗೇ ಇರುವ ಭತ್ತಕ್ಕೆ ಮಾಡುವ ಸೀಮಂತ. ಬಸುರಿಗೆ ಬಯಕೆಯ ಊಟ ಮಾಡಿ ಹಾಕುವ ಹಾಗೆ, ಹೊಲಕ್ಕೆ ಮಾಡಿ ಹಾಕುವುದು. ಅದನ್ನೆಲ್ಲ ಹೊತ್ತುಕೊಂಡು ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಬರೆಯಬೇಕು. ಬರೆಯುವುದು ಹೆಂಗಸರು, ಹೊರುವುದು ಗಂಡಸರು. ಆರು ವರ್ಷದಿಂದ ನಾನು ಬರೆದ ಬುಟ್ಟಿಯನ್ನು ಹೊತ್ತವರು ಯೋಗೇಶನ ಚಿಕ್ಕಪ್ಪ ಗೋಪಾಲಪ್ಪ ಮಾವ.

ಈ ಸಲ ಮಹಾಲಯ ಅಮಾವಾಸ್ಯೆಯ ಮಾರನೇ ದಿನದಿಂದಲೇ ಬರೆಯಲು ಕೂತೆ. ಅಟ್ಟದಿಂದ ಬುಟ್ಟಿ ಇಳಿಸಿ ನೋಡಿದರೆ ಯಾವತ್ತಿನ ಕತೆಯೇ. ಹೋದ ವರ್ಷದ ಬರಹವನ್ನೆಲ್ಲ ಇಲಿ ಕೆರೆದು ತಿಂದಿತ್ತು, ಅಂಚಿನ ಬಿದಿರನ್ನೂ ಕಡಿದಿತ್ತು. ಅಕ್ಕಿಹಿಟ್ಟು ಅಲ್ಲವೇ, ಬಿಡುತ್ತದೆಯೇ? ‘ವರ್ಷಾ ಬರಿಯೋದು, ವರ್ಷಾ ಇಲಿಗೆ ಹಾಕೋದು’ ಅಂತ ಅತ್ತೆ ಗೊಣಗಿದರು. ಅತ್ತೆಯ ಹೆಸರು ಬಂಗಾರಮ್ಮ. ಮಾತು ಕಡಿಮೆ, ಆಡಿದರೆ ನೇರ. ನಾನು ಗೂಡು ಬರೆದೆ, ಏಣಿ ಬರೆದೆ, ಭತ್ತದ ಸಸಿಯ ಸಾಲು ಬರೆದೆ, ಬುಟ್ಟಿ ಹೊತ್ತ ಒಬ್ಬ ಗಂಡಸನ್ನೂ ಬರೆದೆ. ಅವನಿಗೆ ಮೀಸೆ ಇಡುವಾಗ ಅತ್ತೆ ಬಗ್ಗಿ ನೋಡಿ, ‘ಅವಂಗೆ ಮೀಸೆ ಇಷ್ಟು ದಪ್ಪ ಇಲ್ಲ’ ಅಂದು ಒಳಗೆ ಹೋದರು. ಗೋಪಾಲಪ್ಪ ಮಾವನಿಗೆ ಮೊದಲೇ ಹೇಳಿಯಾಗಿತ್ತು. ಅವರು ಈ ಸಲ ತಮ್ಮ ಮಗಳ ಊರು ಉಳವಿಗೆ ಹೋಗುತ್ತೇನೆ ಅಂತ ಖುಷಿಯಾಗಿ ಹೊರಟರು.

ಆ ವಾರ ಯೋಗೇಶನಿಗೆ ಡಬಲ್ ಶಿಫ್ಟು. ರಜೆಗೆ ಬರುವ ಮೊದಲು ಹಾಗೆ ಮಾಡಿಸುತ್ತಾರಂತೆ. ಮಾತಿಲ್ಲ, ‘ಬಿಜಿ, ಊಟ ಆಯ್ತಾ’ ಅನ್ನುವ ಒಂದೆರಡು ಮೆಸೇಜು ಅಷ್ಟೇ. ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಫೋನ್ ಹಚ್ಚಿದೆ, ಸ್ವಿಚ್ಡ್ ಆಫ್. ವಿಮಾನದಲ್ಲಿದ್ದಾರೆ ಅಂದುಕೊಂಡು ತಲೆಗೆ ಸ್ನಾನ ಮಾಡಿದೆ. ಮಧ್ಯಾಹ್ನದ ಸೊರಬದ ಬಸ್ಸಿಗೇ ಹೋಗಿ ಕಟ್ಟೆಯ ಮೇಲೆ ಕೂತೆ. ಅದರಲ್ಲಿ ಬರಲಿಲ್ಲ. ಮುಂದಿನದರಲ್ಲಿ ಗೊಬ್ಬರದ ಚೀಲ ಇಳಿಯಿತು. ಹೊತ್ತು ಮುಳುಗಿದ ಮೇಲಿನ ಬಸ್ಸಿನಲ್ಲಿ ಹೈಸ್ಕೂಲಿನ ಮೇಷ್ಟ್ರು ಇಳಿದು, ‘ಯಾರು ಬರೋರಿದ್ರು?’ ಅಂದರು. ‘ನಮ್ಮನೆಯವರು’ ಅಂದೆ. ಅದನ್ನು ಹೇಳುವಾಗ ನನಗೆ ಮದುವೆಯಾದ ಹೊಸತರ ಹಾಗೆ ನಾಚಿಕೆಯಾಯಿತು. ಕಡೆಯ ಬಸ್ಸು ಬಂತು, ನಿಂತಿತು, ಹೋಯಿತು. ಆಮೇಲೆ ಫೋನು ಬಂತು.

‘ಎಲ್ಲಿದೀರಿ? ಸೊರಬಾ ಬಿಟ್ರ?’

‘ಸೊರಬಾನ? ಈಗ ಡ್ಯೂಟಿ ಮುಗೀತು ಶಶಿ. ಕ್ಯಾಂಪಿನ ವ್ಯಾನ್ ಕಾಯ್ತಾ ಇದೀನಿ.’

ನಾನು ಕಟ್ಟೆಯಿಂದ ಎದ್ದು ನಿಂತೆ. ‘ನಾಳೆ ಹುಣ್ಣಿಮೆ ರೀ.’

‘ನಾಳೆ ಎಲ್ಲಿ ಮಾರಾಯ್ತಿ? ಹದಿನೇಳಕ್ಕಲ್ದ? ಇನ್ನೂ ಹತ್ತು ದಿನ ಇದೆ. ಹೋದ ವರ್ಷ ನೀನು ಬುಟ್ಟಿ ಫೋಟೋ ಕಳಿಸಿದ್ದೆಯಲ್ಲ, ಅದರಲ್ಲೇ ತಾರೀಖು ಇತ್ತು. ಅದನ್ನ ನೋಡೇ ಲೀವ್ ಬರೆದದ್ದು.’

ಹೋದ ವರ್ಷದ ತಾರೀಖಿಗೇ ಈ ವರ್ಷದ ಹುಣ್ಣಿಮೆಯನ್ನು ಕಟ್ಟಿಹಾಕಿದ್ದರು. ನಾಟಿಗೆ ಮಳೆ ಎಣಿಸುತ್ತಿದ್ದ ಮನುಷ್ಯ. ಹುಣ್ಣಿಮೆ ಪ್ರತಿ ವರ್ಷ ಹಿಂದೆ ಮುಂದೆ ಸರಿಯುತ್ತದೆ ಅನ್ನುವುದು ನಮ್ಮೂರಿನ ಎಮ್ಮೆ ಕಾಯುವವರಿಗೂ ಗೊತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಅಳುವುದು ಕೂಡ ಮರೆತುಹೋಯಿತು.

‘ನೀವು ಈಗ ಹೊರಗಿದೀರೋ ಒಳಗೋ?’

‘ಹೊರಗೇ ಇದೀನಿ.’

‘ಮ್ಯಾಲ ನೋಡ್ರಿ.’

ಅಲ್ಲಿ ಸ್ಟೋರಿಗೆ ಕಿಟಕಿಯೇ ಇಲ್ಲ, ಟ್ಯೂಬ್‌ಲೈಟಿನಲ್ಲೇ ದಿನ ಕಳೆಯುತ್ತದೆ ಅಂತ ಹಿಂದೊಮ್ಮೆ ಹೇಳಿದ್ದರು. ನಮ್ಮ ಬಸ್ ಕಟ್ಟೆಯ ಮೇಲೆ ಚಂದ್ರ ಆಗಲೇ ಒಂದಾಳು ಎತ್ತರಕ್ಕೆ ಏರಿದ್ದ. ಅವರಿಗೆ ಕಟ್ಟಡದ ಸಂದಿಯಲ್ಲಿ ಆಗ ತಾನೇ ಕಂಡಿರಬೇಕು.

‘ತುಂಬಿಬಿಟ್ಟಿದೆ’ ಅಂದರು. ಧ್ವನಿ ಇಳಿದುಹೋಗಿತ್ತು. ‘ಶಶಿ, ನಾನು ನೋಡೇ ಇಲ್ಲ ಕಣೆ.’

ನಾನು ಫೋನು ಇಟ್ಟೆ. ಬೈಯಬೇಕು ಅಂತ ಕ್ಲಾಸಿನಲ್ಲಿ ಕಲಿತದ್ದು ಒಂದೂ ನೆನಪಿಗೆ ಬರಲಿಲ್ಲ. ಮನೆಗೆ ಬಂದು ಅತ್ತೆಗೆ ವಿಷಯ ಹೇಳಿದೆ. ಅವರು ಸೊಪ್ಪು ಹೆಚ್ಚುತ್ತಿದ್ದವರು ಕೈ ನಿಲ್ಲಿಸದೆ, ‘ಹಾಗಾರೆ ನೀನೇ ಹೊರು’ ಅಂದರು.

‘ಹೆಂಗಸರು ಹೊರ್ತಾರ ಅತ್ತಿ?’

‘ಹೊಲಕ್ಕೆ ಬೇಕಾಗಿರೋದು ಅನ್ನ. ಮೀಸೆ ಅಲ್ಲ.’

ಬೆಳಕು ಹರಿಯುವ ಮೊದಲೇ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟೆ. ಬೆರಕೆ ಸೊಪ್ಪು ಬೇಯಿಸಿ ಅನ್ನ ಕಲಸಿದ ಅಂಬಲಿಯನ್ನು ಗದ್ದೆಯ ಸುತ್ತ ಬೀರಬೇಕು, ಬೀರುತ್ತ ಭೂತಾಯಿ ಉಂಡುಹೋಗಲಿ ಅಂತ ಕೂಗಬೇಕು. ಸುತ್ತಲ ಗದ್ದೆಗಳಿಂದ ಗಂಡಸರ ಕೂಗು ಒಂದರ ಮೇಲೊಂದು ಕೇಳುತ್ತಿತ್ತು. ನಾನು ಕೂಗಿದೆ. ಮೊದಲ ಸಲ ಧ್ವನಿ ಹೊರಡಲಿಲ್ಲ, ಎರಡನೇ ಸಲ ಹೊರಟಿತು. ಪಕ್ಕದ ಗದ್ದೆಯವರು ಒಂದು ಗಳಿಗೆ ಸುಮ್ಮನಾಗಿ ಆಮೇಲೆ ಮತ್ತೆ ಕೂಗತೊಡಗಿದರು. ಬೆಳಕಾದ ಮೇಲೆ ಅತ್ತೆ ಬಂದರು. ಒಂದು ಗುಂಪು ಭತ್ತದ ಗಿಡಕ್ಕೆ ತಾಳಿ ಕಟ್ಟಿ, ಹಸಿರು ಬಳೆ ಇಟ್ಟು, ಕಡುಬಿನ ಎಡೆ ಬಡಿಸಿದೆವು. ಕಾಗೆಗೊಂದು ಎಡೆ, ಬದುವಿನ ಬಿಲದ ಇಲಿಗೂ ಒಂದು.

ಅರಿಶಿನ ಹಚ್ಚುವಾಗ ಭತ್ತದ ದಂಟನ್ನು ಬೆರಳಲ್ಲಿ ಹಿಡಿದು ನೋಡಿದೆ. ಒಳಗೆ ತೆನೆ ಇತ್ತು. ದುಂಡಗೆ, ಮೆತ್ತಗೆ, ಬೆಚ್ಚಗೆ ಕೈಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಭತ್ತದ ಮೇಲೆ ಹೊಟ್ಟೆಕಿಚ್ಚಾಯಿತು. ವರ್ಷ ವರ್ಷ ಇದಕ್ಕೆ ಸೀಮಂತ. ವರ್ಷ ವರ್ಷ ನಾನೇ ಬುಟ್ಟಿ ಬರೆದು, ನಾನೇ ಕಡುಬು ಮಾಡಿ, ನಾನೇ ಬಳೆ ತೊಡಿಸುವವಳು. ಅತ್ತೆ ನೋಡುತ್ತಿದ್ದಾರೆ ಅಂತಲೂ ಲೆಕ್ಕಿಸದೆ ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಅವರು ನನ್ನ ಎಲೆಗೆ ಇನ್ನೊಂದು ಕಡುಬು ಹಾಕಿದರು.

ಹತ್ತು ದಿನ ಕಳೆದ ಮೇಲೆ ಯೋಗೇಶ ಬಂದರು, ಹೇಳಿದ ತಾರೀಖಿಗೆ ಸರಿಯಾಗಿ, ಬೆಳಗಿನ ಬಸ್ಸಿಗೆ. ನಾನು ಕಟ್ಟೆಗೆ ಹೋಗಿರಲಿಲ್ಲ. ಬೀದಿಯಲ್ಲಿ ಎಲ್ಲರೂ, ‘ದೀಪಾವಳಿಗೆ ಬಂದ್ಯನ ಯೋಗೇಶ?’ ಅಂತ ಕೇಳುತ್ತಿದ್ದದ್ದು ಒಳಗೆ ನನಗೆ ಕೇಳಿಸಿತು. ಅವರು ಕಪ್ಪಗಾಗಿದ್ದರು, ಕೆನ್ನೆ ಒಳಗೆ ಹೋಗಿತ್ತು. ಸೂಟ್‌ಕೇಸು ಜಗುಲಿಯ ಮೇಲಿಟ್ಟು, ಕಾಫಿಯನ್ನೂ ಕುಡಿಯದೆ, ‘ಗದ್ದೆಗೆ ಹೋಗಿಬರ್ತೀನಿ’ ಅಂದರು. ನಾನು ಬರುವುದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು ಅವರ ಹಿಂದೆಯೇ ಹೋದೆ.

ತಾಳಿ ಕಟ್ಟಿದ್ದ ಗಿಡದ ಹತ್ತಿರ ನಿಂತರು. ಹಸಿರು ಬಳೆ ಇನ್ನೂ ಅಲ್ಲೇ ಇತ್ತು. ಗದ್ದೆಯ ತುಂಬ ತೆನೆ ಹೊರಬಿದ್ದು ಗಾಳಿಗೆ ತಲೆ ಆಡಿಸುತ್ತಿತ್ತು. ಹೊಡೆ ತುಂಬಿದ ದಂಟು ಒಂದೂ ಉಳಿದಿರಲಿಲ್ಲ. ಯೋಗೇಶ ಬಗ್ಗಿ ಒಂದು ತೆನೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

‘ನಾ ಬರೋ ತನಕ ತಡೀಲಿಲ್ಲ ಅಲ್ದ?’

‘ಸೂನ್ ಬರ್ತಾರ ಅಂತ ನಾ ಹೇಳಿ ನೋಡಿದೆ’ ಅಂದೆ. ‘ಅದಕ್ಕ ಇಂಗ್ಲಿಷ್ ಬರಂಗಿಲ್ಲ.’

ಚುಚ್ಚಬೇಕು ಅಂತಲೇ ಹೇಳಿದ್ದು. ಅವರು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅದನ್ನು ನೋಡಿದ ಮೇಲೆ, ನಾನು ಆರು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದದ್ದು ತಡೆಯಲಾರದೆ ಹೊರಗೆ ಬಂತು.

‘ನನ್ನ ಮೈಗೂ ಇಂಗ್ಲಿಷ್ ಬರಂಗಿಲ್ರೀ. ನಾ ಕ್ಲಾಸಿಗೆ ಹೋಗಿ ಕಲ್ತೆ, ಅದು ಕಲೀಲಿಲ್ಲ. ಅದಕ್ಕ ಲೇಟರ್ ಅಂದ್ರ ತಿಳಿಯಂಗಿಲ್ಲ, ಇಯರ್ ಎಂಡ್ ಅಂದ್ರ ತಿಳಿಯಂಗಿಲ್ಲ. ಇನ್ನೆರಡು ವರ್ಷ ಬಿಟ್ಟು ನೀವು ಸೂಟ್‌ಕೇಸು ತಗೊಂಡು ಬರ್ರಿ, ಆಗ ನನ್ನ ಹೊಲಕ್ಕ ಹುಣ್ಣಿಮಿ ಮುಗಿದಿರ್ತತಿ.’

ಯೋಗೇಶ ತೆನೆಯನ್ನು ಮೆಲ್ಲಗೆ ಬಿಟ್ಟರು. ನನ್ನ ಕೈ ಹಿಡಿಯಲಿಲ್ಲ, ಸಮಾಧಾನ ಹೇಳಲಿಲ್ಲ. ಬದುವಿನ ಮೇಲೆ, ಆವತ್ತು ನಾನು ಕೂತಿದ್ದ ಜಾಗದಲ್ಲೇ, ಕುಕ್ಕರಗಾಲಲ್ಲಿ ಕೂತರು. ಬಿಸಿಲು ಏರುವ ತನಕ ಇಬ್ಬರೂ ಅಲ್ಲೇ ಇದ್ದೆವು.

ಮನೆಗೆ ಬಂದವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹಾಳೆ ಮಗುಚಿದರು. ಡಿಸೆಂಬರಿಗೆ ಮುಗಿದುಹೋಯಿತು.

‘ಅವ್ವ, ಮುಂದಿನ ವರ್ಷದ ಭೂಮಿ ಹುಣ್ಣಿಮೆ ಯಾವತ್ತು?’

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ‘ಬಂದಾಗ ಗೊತ್ತಾಗ್ತದೆ’ ಅಂದರು. ಆಮೇಲೆ ಮೊರ ನಿಲ್ಲಿಸಿ ಮಗನ ಕಡೆ ನೋಡಿ, ‘ಇಲ್ಲಿದ್ದೋರಿಗೆ’ ಅಂದರು.

ದೀಪಾವಳಿ ಆಯಿತು. ಹಬ್ಬದ ಮಾರನೇ ದಿನವೇ ಇಬ್ಬರೂ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಮೊದಲು ಹೇಳಿದ್ದನ್ನೇ ಹೇಳಿದರು, ಇನ್ನೂ ಸ್ವಲ್ಪ ಖಾರವಾಗಿ. ಆಗಿಯೇ ತೀರುತ್ತದೆ ಅಂತ ಹೇಳಲಾರೆ, ಶುರು ಮಾಡುವುದಾದರೆ ಈಗಲೇ ಮಾಡಬೇಕು ಅಂದರು. ಯೋಗೇಶ ಈ ಸಲ ಬರೀ ತಲೆ ಆಡಿಸಿದರು. ವಾಪಸು ಬರುವಾಗ ಶಿಕಾರಿಪುರದಲ್ಲಿ ಬಸ್ಸು ನಿಂತಾಗ ಇಳಿದು ನನಗೆ ಸೋಡಾ ತಂದುಕೊಟ್ಟರು. ನಾನು ಏನೂ ಕೇಳಲಿಲ್ಲ. ಕೇಳಿದರೆ ಮತ್ತೆ ಆ ಶಬ್ದವೇ ಬರುತ್ತದೆ ಅನ್ನುವ ಹೆದರಿಕೆ.

ಮಾರನೇ ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಒಳಗೆ ಬಂದೆ. ಮಂಚದ ಕಾಲದೆಸೆಯಲ್ಲಿ ಸೂಟ್‌ಕೇಸು ಇರಲಿಲ್ಲ. ಅದು ಇದ್ದ ಜಾಗದಲ್ಲಿ ನೆಲ ಮಾತ್ರ ಚೌಕಾಕಾರಕ್ಕೆ ಸ್ವಚ್ಛ ಇತ್ತು. ಯೂನಿಫಾರ್ಮು ಇಲ್ಲ, ಸೇಫ್ಟಿ ಶೂ ಇಲ್ಲ, ಅವರೂ ಇಲ್ಲ. ರಜೆ ಇನ್ನೂ ಇತ್ತು, ಡಾಕ್ಟರ ಮಾತಿಗೆ ಹೆದರಿ ಹೇಳದೆ ಕೇಳದೆ ಹೊರಟರೇನೋ ಅನ್ನಿಸಿತು. ನೇರ ಅಡಿಗೆಮನೆಗೆ ಬಂದೆ.

‘ಅತ್ತಿ, ಇವರು...’

‘ಬೆಳಗ್ಗೆ ಅಟ್ಟ ಹತ್ತಿದ್ದ’ ಅಂದರು ಅತ್ತೆ, ಒಲೆಯಿಂದ ಮುಖ ತಿರುಗಿಸದೆ. ‘ಏನೋ ದಡಬಡ ಮಾಡ್ತಿದ್ದ. ಆಮೇಲೆ ಗದ್ದೆ ಕಡಿಗೆ ಹೋದ.’

ಏಣಿ ಇಟ್ಟಲ್ಲೇ ಇತ್ತು. ಹತ್ತಿದೆ. ಅಟ್ಟದ ಮೂಲೆಯಲ್ಲಿ ಸೂಟ್‌ಕೇಸು ಮಲಗಿತ್ತು, ಮುಚ್ಚಿ, ಎರಡೂ ಬದಿ ಕ್ಲಿಪ್ಪು ಹಾಕಿ. ತೆಗೆದೆ. ಖರ್ಜೂರದ ವಾಸನೆ ಇನ್ನೂ ಇತ್ತು. ಒಳಗೆ ಭೂಮಣ್ಣಿ ಬುಟ್ಟಿ. ಸುತ್ತ ಒತ್ತಾಗಿ ನನ್ನ ಹಳೆಯ ಸೀರೆಯೊಂದನ್ನು ತುರುಕಿದ್ದರು, ಬರಹ ಉಜ್ಜಿಹೋಗದಿರಲಿ ಅಂತ. ಗೂಡು, ಏಣಿ, ಸಸಿಯ ಸಾಲು, ಬುಟ್ಟಿ ಹೊತ್ತ ಮೀಸೆಯ ಗಂಡಸು, ಎಲ್ಲ ನಾನು ಬರೆದ ಹಾಗೇ ಇತ್ತು. ಬುಟ್ಟಿಯನ್ನು ಸ್ವಲ್ಪ ಎತ್ತಿ ಕೆಳಗೆ ಕೈಯಾಡಿಸಿದೆ. ಬೇರೆ ಏನೂ ಸಿಗಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಆ ಸೂಟ್‌ಕೇಸಿನ ತಳ ನೋಡಿದೆ. ತಳಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊಲಿದಿದ್ದಾರೆ.

ಅಟ್ಟದ ಗವಾಕ್ಷಿಯಿಂದ ನಮ್ಮ ಗದ್ದೆ ಕಾಣಿಸುತ್ತದೆ. ಯೋಗೇಶ ಕಂಪನಿಯ ಹಳದಿ ಜಾಕೆಟು ಹಾಕಿಕೊಂಡು, ಆ ದಪ್ಪ ಶೂ ಮೆಟ್ಟಿಕೊಂಡು, ಬದುವಿನ ಹುಲ್ಲು ಹೆರೆಯುತ್ತಿದ್ದರು. ಕಂಪನಿಗೆ ಏನು ಹೇಳಿದರು, ಹೇಗೆ ಹೇಳಿದರು, ಮುಂದೆ ಹೇಗೆ, ಒಂದೂ ನನಗೆ ಗೊತ್ತಿರಲಿಲ್ಲ. ನಾನು ಅಲ್ಲೇ ಕೂತು ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ, ನಗುವೂ ಬರುತ್ತಿತ್ತು.

ತಿಂಡಿಗೆ ಬಂದವರು ಕೈ ತೊಳೆದುಕೊಂಡು ತಟ್ಟೆಯ ಮುಂದೆ ಕೂತರು. ನಾನು ಅಟ್ಟ ಹತ್ತಿದ್ದು ಅವರಿಗೆ ಗೊತ್ತಾಗಿತ್ತು. ಏಣಿಯ ಧೂಳು ನನ್ನ ಸೀರೆಯಲ್ಲೇ ಇತ್ತು.

‘ಈ ವರ್ಷ ಇಲಿ ತಿನ್ನಲ್ಲ’ ಅಂದರು, ರೊಟ್ಟಿ ಮುರಿಯುತ್ತ. ‘ಹುಣ್ಣಿಮೆ ಬಂದಾಗ ಇಳಿಸಿಕೊಡ್ತೀನಿ.’

ಯಾವ ತಾರೀಖು ಅಂತ ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.